ಹತ್ತು ಸಾವಿರದ ಹತ್ತು ಮೀಟರ್

ಜುಲೈ, ಮೊದಲ ವಾರ

ಹೋದ ಡಿಸೆಂಬರ್‌ನಲ್ಲಿ ಓಡಿದ ಹತ್ತು ಕಿಲೋಮೀಟರ್ ಓಟದ ಪದಕ ಇನ್ನೂ ದೇವರ ಮನೆ ಬಾಗಿಲ ಪಕ್ಕದ ಮೊಳೆಯಲ್ಲಿದೆ. ಸಮಯ 1 ಗಂಟೆ 6 ನಿಮಿಷ. ಓಡಲು ಶುರು ಮಾಡಿ ಎರಡು ವರ್ಷವಾಗಿತ್ತು. 70 ನಿಮಿಷದೊಳಗೆ ಮುಗಿಸಬೇಕು ಅನ್ನುವುದೊಂದೇ ಆಸೆ. ಗೆರೆ ದಾಟಿದ ಮೇಲೆ ಅತ್ತುಬಿಟ್ಟಿದ್ದೆ.

ಆಮೇಲೆ ಆ ಸಮಯ ಮತ್ತೆ ಬರಲೇ ಇಲ್ಲ. ನಮ್ಮ ತುಮಕೂರಿನ ಅಮಾನಿಕೆರೆ ದಂಡೆಯ ಮೇಲೆ ಎಷ್ಟು ಬೆಳಿಗ್ಗೆ ಓಡಿದೆನೋ ಲೆಕ್ಕವಿಲ್ಲ. ಕೊನೆಗೆ ಮಹಾತ್ಮ ಗಾಂಧಿ ಕ್ರೀಡಾಂಗಣಕ್ಕೆ ಹೋಗಿ ಟ್ರ್ಯಾಕ್‌ನಲ್ಲಿ ಓಡಿದೆ. ಎಲ್ಲಕ್ಕಿಂತ ಒಳಗಿನ ಲೇನ್ ಒಂದು ಸುತ್ತಿಗೆ 400 ಮೀಟರ್, 25 ಸುತ್ತಿಗೆ ಹತ್ತು ಕಿಲೋಮೀಟರ್. ಅಲ್ಲಿ ಅನುಮಾನಕ್ಕೆ ಜಾಗವಿಲ್ಲ. ಮೂರು ಸಲ ಓಡಿದೆ, ಮೂರು ಸಲವೂ 71 ನಿಮಿಷದ ಮೇಲೆಯೇ.

ನಾನು ಸಹಕಾರಿ ಬ್ಯಾಂಕ್ ಒಂದರ ಕೌಂಟರ್‌ನಲ್ಲಿ ಕೂರುವವಳು. ಸಂಜೆ ಹತ್ತು ರೂಪಾಯಿ ತಾಳೆಯಾಗದಿದ್ದರೂ ಎದ್ದು ಬರಲು ಮನಸ್ಸಾಗುವುದಿಲ್ಲ. ಇಲ್ಲಿ ಐದು ನಿಮಿಷ ತಾಳೆಯಾಗುತ್ತಿಲ್ಲ.

ಈ ವರ್ಷ ಒಂದೇ ಓಟಕ್ಕೆ ದುಡ್ಡು ಕಟ್ಟುತ್ತೇನೆ. ಕಟ್ಟುವ ಮೊದಲು ಚೆನ್ನಾಗಿ ವಿಚಾರಿಸುತ್ತೇನೆ. ವಿಚಾರಿಸಿದ್ದನ್ನೆಲ್ಲ ಇಲ್ಲಿ ಬರೆದಿಡುತ್ತೇನೆ.

ಜುಲೈ, ಮೂರನೇ ವಾರ

ಹೋದ ವರ್ಷದ ಓಟದ ದಾರಿಯನ್ನೇ ಮೊದಲು ಅಳೆದೆವು. ಅಕ್ಕನ ಮಗ ಮೊಬೈಲ್‌ನಲ್ಲೇ ನೋಡಿಬಿಡೋಣ ಚಿಕ್ಕಮ್ಮ ಅಂದ. ಮೊಬೈಲ್ ಆಗಲಿ ವಾಚ್ ಆಗಲಿ, ಜಿಪಿಎಸ್ ಮರದ ಕೆಳಗೆ, ಫ್ಲೈಓವರ್ ಕೆಳಗೆ, ಎತ್ತರದ ಕಟ್ಟಡಗಳ ನಡುವೆ ತಪ್ಪುತ್ತದೆ. ರಸ್ತೆ ಓಟದ ದೂರವನ್ನು ಪ್ರಪಂಚದಲ್ಲೆಲ್ಲ ಸೈಕಲ್‌ನಲ್ಲೇ ಅಳೆಯುತ್ತಾರೆ. ಅಮೆರಿಕದ ಅಲನ್ ಜೋನ್ಸ್ ಮತ್ತು ಅವರ ಮಗ ಕ್ಲೇನ್ 1971ರಲ್ಲಿ ಮಾಡಿದ ಪುಟ್ಟ ಯಂತ್ರವೊಂದಿದೆ. ಜೋನ್ಸ್ ಕೌಂಟರ್ ಅನ್ನುತ್ತಾರೆ. ಮುಂದಿನ ಚಕ್ರಕ್ಕೆ ಕೂರಿಸಿದರೆ ಚಕ್ರ ಎಷ್ಟು ತಿರುಗಿತು ಅನ್ನುವುದನ್ನು ಎಣಿಸುತ್ತದೆ. ಮೊದಲು ಸ್ಟೀಲ್ ಟೇಪಿನಲ್ಲಿ ಅಳೆದ ನೇರ ರಸ್ತೆಯಲ್ಲಿ ನಾಲ್ಕು ಸಲ ಸೈಕಲ್ ಓಡಿಸಿ, ಅಷ್ಟು ದೂರಕ್ಕೆ ಎಷ್ಟು ಎಣಿಕೆ ಅಂತ ತಿಳಿದುಕೊಳ್ಳಬೇಕು. ದಾರಿ ಅಳೆದಾದ ಮೇಲೆ ಅಲ್ಲೇ ಮತ್ತೆ ನಾಲ್ಕು ಸಲ ಓಡಿಸಬೇಕು. ಬಿಸಿಲೇರಿದರೆ ಟೈರಿನ ಗಾಳಿ ಹಿಗ್ಗಿ ಲೆಕ್ಕ ಬದಲಾಗುತ್ತದಲ್ಲ, ಅದಕ್ಕೆ.

ನಮ್ಮ ಹತ್ತಿರ ಜೋನ್ಸ್ ಕೌಂಟರ್ ಇಲ್ಲ. ಅತ್ತಿಗೆ ಬೆರಳಿಗೆ ಹಾಕಿಕೊಂಡು ಜಪ ಎಣಿಸುವ ಪುಟ್ಟ ಕೌಂಟರ್ ಇತ್ತು, ಅದನ್ನೇ ಇಸ್ಕೊಂಡೆವು. ಎದುರುಮನೆ ಮೇಸ್ತ್ರಿ 30 ಮೀಟರ್ ಟೇಪ್ ಕೊಟ್ಟರು. ಭಾನುವಾರ ಬೆಳಗಿನ ಜಾವ ಖಾಲಿ ರಸ್ತೆಯಲ್ಲಿ ಹತ್ತು ಸಲ ಟೇಪ್ ಎಳೆದು, ಸೀಮೆಸುಣ್ಣದಲ್ಲಿ 300 ಮೀಟರ್ ಗುರುತು ಹಾಕಿದೆವು. ಮುಂದಿನ ಚಕ್ರದ ವಾಲ್ವ್‌ಗೆ ಕೆಂಪು ರಿಬ್ಬನ್ ಕಟ್ಟಿದೆವು. ರಿಬ್ಬನ್ ಮೇಲೆ ಬಂದಾಗಲೆಲ್ಲ ಅವನು ಗುಂಡಿ ಒತ್ತಬೇಕು. 300 ಮೀಟರಿಗೆ ನೂರಾ ನಲವತ್ತೈದೂವರೆ ಸುತ್ತು ಬಂತು. ಅಂದರೆ ಒಂದು ಸುತ್ತಿಗೆ ಹೆಚ್ಚುಕಡಿಮೆ 2.06 ಮೀಟರ್.

ಹೋದ ವರ್ಷದ ಓಟ ಒಂದೇ ದಾರಿಯಲ್ಲಿ ಎರಡು ಸುತ್ತು. ಒಂದು ಸುತ್ತು ಅಳೆದರೆ ಸಾಕಿತ್ತು. ಆಷಾಢದ ಗಾಳಿ ಎದುರಿಗೇ ಬೀಸುತ್ತಿತ್ತು. ಅವನು ತಲೆ ಬಗ್ಗಿಸಿ ರಿಬ್ಬನ್ ನೋಡುತ್ತಾ ತುಳಿದ. ನಾನು ಹಿಂದೆ ಸ್ಕೂಟರ್‌ನಲ್ಲಿ ಗಾಡಿಗಳು ಬರದ ಹಾಗೆ ಕಾಯುತ್ತಾ ಹೋದೆ. ತಿರುವಿನಲ್ಲಿ ಒಳಗಿನ ಅಂಚಿಗೆ ಒಂದಡಿ ಬಿಟ್ಟು ಹೋಗಬೇಕು. ನಿಯಮದಲ್ಲಿ 30 ಸೆಂಟಿಮೀಟರ್ ಅಂತಿದೆ. ಓಡುವವರು ಹೋಗಬಹುದಾದ ಅತಿ ಚಿಕ್ಕ ದಾರಿಯನ್ನೇ ಅಳೆಯಬೇಕು, ರಸ್ತೆಯ ನಡುಭಾಗವನ್ನಲ್ಲ.

ಚಕ್ರ ತಿರುಗಿದ್ದು ಒಟ್ಟು 2,260 ಸುತ್ತು. ಸುಮಾರು 4,660 ಮೀಟರ್. ಎರಡು ಸಲ ಓಡಿದರೆ 9,320.

ಅವನು ಎಣಿಸುವಾಗ ಚಕ್ರದ ಇಪ್ಪತ್ತು ಸುತ್ತು ತಪ್ಪಿದ್ದ ಅಂದುಕೊಂಡರೂ ದಾರಿಯ ಎರಡು ಸುತ್ತಿಗೆ 80 ಮೀಟರ್ ಚಿಲ್ಲರೆ ಅಷ್ಟೇ. ಕಡಿಮೆ ಬಿದ್ದ 680 ಮೀಟರಿಗೆ ಅದು ಉತ್ತರವಾಗುವುದಿಲ್ಲ. ನನ್ನ ವೇಗದಲ್ಲಿ ಪೂರ್ತಿ ದೂರ ಓಡಿದ್ದರೆ 70 ನಿಮಿಷ 49 ಸೆಕೆಂಡ್ ಆಗುತ್ತಿತ್ತು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನಲು ಕೂತೆವು. ಕಾಗದದ ಮೇಲೆ ಲೆಕ್ಕ ಹಾಕಿದೆ, ಮತ್ತೆ ಹಾಕಿದೆ. ಇಡ್ಲಿ ಆರಿಹೋಯಿತು. ಆ ಪದಕ ನನ್ನದೇ, ಓಡಿದ್ದು ನಾನೇ. ಆದರೆ ಆ ಸಮಯ ನನ್ನದಲ್ಲ.

ಜುಲೈ ಕೊನೆ

ಇದು ನಮ್ಮಲ್ಲಿ ಮಾತ್ರ ಆಗುವುದಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಮ್ಯಾರಥಾನ್ 2013, 2014, 2015 ಮೂರು ವರ್ಷವೂ 380 ಮೀಟರ್ ಕಡಿಮೆ ಇತ್ತು. ಅದು ಹೊರಬಿದ್ದಿದ್ದು 2016ರಲ್ಲಿ. ಅಷ್ಟೊತ್ತಿಗೆ ಸಾವಿರಾರು ಜನ ಆ ಸಮಯವನ್ನು ತಮ್ಮದು ಅಂತ ನಂಬಿದ್ದರು. 2021ರಲ್ಲಿ ಬ್ರೈಟನ್ ಮ್ಯಾರಥಾನ್ 568 ಮೀಟರ್ ಜಾಸ್ತಿಯಾಯಿತು. 42 ಕಿಲೋಮೀಟರ್ ಓಡಿ ಬಂದವರಿಗೆ ಇನ್ನೂ ಅರ್ಧ ಕಿಲೋಮೀಟರ್ ಅಂದರೆ ಏನು ಕಥೆ, ಅಲ್ವಾ?

ಅದಕ್ಕೇ ಅಳೆಯುವವರು ಬೇಕಂತಲೇ ಸ್ವಲ್ಪ ಜಾಸ್ತಿ ಇಡುತ್ತಾರೆ. ಸಾವಿರ ಮೀಟರಿಗೆ ಒಂದು ಮೀಟರ್. ಹತ್ತು ಕಿಲೋಮೀಟರ್ ಓಟದ ದಾರಿ 10,010 ಮೀಟರ್ ಇರಬೇಕು. ಅಳತೆಯಲ್ಲಿ ಚೂರು ತಪ್ಪಿದರೂ ದೂರ ಕಡಿಮೆಯಾಗಬಾರದು ಅಂತ. ಈ ನಿಯಮ ಓದಿದಾಗ ನನಗೆ ತುಂಬಾ ಇಷ್ಟವಾಯಿತು. ಕೊಬ್ಬರಿ ತೂಗುವವರು ಅಳೆದ ಮೇಲೆ ಇನ್ನೊಂದು ಹೋಳು ಹಾಕುವ ಹಾಗೆ.

ಆಗಸ್ಟ್, ಎರಡನೇ ವಾರ

ವರಮಹಾಲಕ್ಷ್ಮಿ ಹಬ್ಬದ ಗಡಿಬಿಡಿಯಲ್ಲಿ ಹತ್ತು ದಿನ ಓಟವೂ ಇಲ್ಲ, ವಿಚಾರಣೆಯೂ ಇಲ್ಲ.

ಬೆಂಗಳೂರಿನ ಟಿಸಿಎಸ್ ವರ್ಲ್ಡ್ 10ಕೆ ಬಗ್ಗೆ ಎಲ್ಲರೂ ಹೇಳುತ್ತಾರೆ. 2008ರಿಂದ ನಡೆಯುತ್ತಿದೆ, ಅಥ್ಲೆಟಿಕ್ಸ್‌ನ ಜಾಗತಿಕ ಸಂಸ್ಥೆ ವರ್ಲ್ಡ್ ಅಥ್ಲೆಟಿಕ್ಸ್‌ನ ಗೋಲ್ಡ್ ಲೇಬಲ್ ಅನ್ನುವ ಮಾನ್ಯತೆ ಸಿಕ್ಕಿದೆ. ಅಂತಹ ಓಟದ ದಾರಿ ಅಳತೆಯಾಗಿರಲೇಬೇಕು. ಆದರೆ ಅದು ಬೇಸಿಗೆಯಲ್ಲೇ ಮುಗಿಯುತ್ತದೆ. ನನಗೆ ಚಳಿಗಾಲದ ಓಟ ಬೇಕು. ಹುಡುಕಿದಾಗ ಮೂರು ಉಳಿದವು. ಒಂದು ನಮ್ಮ ತುಮಕೂರಿನದು, ಒಂದು ನಂದಿ ಬೆಟ್ಟದ ಕಡೆಯದು, ಒಂದು ಬೆಂಗಳೂರಿನ ಹೊರವಲಯದ್ದು.

ನಂದಿ ಕಡೆಯ ಓಟದ ಹಳೆಯ ಫಲಿತಾಂಶ ತೆಗೆದು ಕೂತೆ. ಒಂದು ಉಪಾಯ ಹೊಳೆಯಿತು. ಅಲ್ಲೂ ಓಡಿ, ಅಳತೆ ಗಟ್ಟಿಯಿರುವ ಇನ್ನೊಂದು ಓಟದಲ್ಲೂ ಓಡಿದವರನ್ನು ಹುಡುಕಿದೆ. ಹನ್ನೊಂದು ಜನ ಸಿಕ್ಕರು. ಅವರಲ್ಲಿ ಒಂಬತ್ತು ಜನ ನಂದಿ ಕಡೆಯ ಓಟವನ್ನು ಮೂರು ನಿಮಿಷಕ್ಕಿಂತ ಜಾಸ್ತಿ ಬೇಗ ಮುಗಿಸಿದ್ದರು. ಒಬ್ಬಿಬ್ಬರಿಗೆ ಒಳ್ಳೆಯ ದಿನ ಇರಬಹುದು. ಒಂಬತ್ತು ಜನರಿಗೂ ಒಂದೇ ದಿನ ಒಳ್ಳೆಯದಾದರೆ ಅದು ದಾರಿಯ ಗುಣ.

ಫೋನ್ ಮಾಡಿ ಕೇಳಿದೆ. ದೂರ ಸರಿಯಾಗಿದೆ ಮೇಡಂ, ಆದರೆ ದಾರಿ ಇಳಿಜಾರು ಅಂದರು. ಶುರುವಾಗುವ ಜಾಗ ಮುಗಿಯುವ ಜಾಗಕ್ಕಿಂತ ಸುಮಾರು 90 ಮೀಟರ್ ಮೇಲಿದೆ. ದಾಖಲೆಗೆ ಒಪ್ಪಬೇಕಾದರೆ ಇಳಿತ ಕಿಲೋಮೀಟರಿಗೆ ಒಂದು ಮೀಟರ್ ಮೀರಬಾರದು. ಅಂದರೆ ಇಷ್ಟು ದೂರಕ್ಕೆ ಹತ್ತು ಮೀಟರ್. ಮುಚ್ಚಿಡದೆ ಹೇಳಿದ್ದಕ್ಕೆ ಅವರ ಮೇಲೆ ಗೌರವ ಬಂತು. ಅದು ಮೋಸವೂ ಅಲ್ಲ. ಬೆಳಗಿನ ಮಂಜಿನಲ್ಲಿ ಬೆಟ್ಟ ನೋಡುತ್ತಾ ಇಳಿಯಲು ಚೆಂದದ ಓಟ. ಆದರೆ ನನ್ನ 70 ನಿಮಿಷವನ್ನು ಅಲ್ಲಿ ನಂಬಲಾರೆ.

ತುಮಕೂರಿನ ಓಟಕ್ಕೆ ಫೋನ್ ಮಾಡಿ, ದಾರಿ ಅಳೆದವರು ಯಾರು ಅಂದೆ. ಟೀ ಶರ್ಟ್ ತುಂಬಾ ಚೆನ್ನಾಗಿದೆ ಮೇಡಂ ಅಂದರು. ಆಂಬುಲೆನ್ಸ್ ಎಷ್ಟು ಅಂದೆ. ಮಾಡ್ತೀವಿ ಅಂದರು. ಪೊಲೀಸರ ಅನುಮತಿ ಆಗಿದೆಯಾ, ಗಾಡಿ ತಡೆಯುತ್ತಾರಾ ಅಂದಾಗ ವಾಪಸ್ ಮಾಡ್ತೀನಿ ಅಂತ ಇಟ್ಟರು. ಮಾಡಲಿಲ್ಲ. ಊರಿನ ಓಟ ಊರಿನವರೇ ಓಡಬೇಕು ಅನ್ನುವ ಆಸೆ ನನಗೂ ಇದೆ. ಬೇಜಾರಾಯಿತು.

ಈ ಪ್ರಶ್ನೆಗಳನ್ನು ಸುಮ್ನೆ ಕೇಳುತ್ತಿಲ್ಲ. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದ 100 ಕಿಲೋಮೀಟರ್ ಬೆಟ್ಟದ ಓಟದಲ್ಲಿ ಇದ್ದಕ್ಕಿದ್ದಂತೆ ಆಲಿಕಲ್ಲು, ಚಳಿಗಾಳಿ ಬಂದು 21 ಜನ ಸತ್ತರು. ಗಾಳಿ ತಡೆಯುವ ಜಾಕೆಟ್ ಕಡ್ಡಾಯ ಇರಲಿಲ್ಲ. ನಮ್ಮದು ಹತ್ತು ಕಿಲೋಮೀಟರ್, ಬೆಟ್ಟವಿಲ್ಲ, ಚಳಿಯ ಭಯವಿಲ್ಲ. ಆದರೂ ಬಿಸಿಲಿಗೆ ತಲೆ ತಿರುಗಿ ಬಿದ್ದವರನ್ನು ನಾನೇ ನೋಡಿದ್ದೇನೆ. ಹೋದ ವರ್ಷ ಏಳನೇ ಕಿಲೋಮೀಟರಿನ ನೀರಿನ ಮೇಜಿನ ಹತ್ತಿರ ಹೋದಾಗ ಖಾಲಿ ಲೋಟ ಬಿಟ್ಟರೆ ಏನೂ ಇರಲಿಲ್ಲ.

ಆಗಸ್ಟ್ ಕೊನೆ

ಬೆಂಗಳೂರು ಹೊರವಲಯದ ಓಟದವರ ಜೊತೆ ಇಪ್ಪತ್ತು ನಿಮಿಷ ಮಾತಾಡಿದೆ. ದಾರಿ ಅಳೆದಿದ್ದೀರಾ ಅಂದೆ. ಆ ಕಡೆಯವರು, “ಸೈಕಲ್‌ನಲ್ಲಿ ಅಳೆಸಿದ್ದೀವಿ ಮೇಡಂ. ಹತ್ತು ಸಾವಿರದ ಹತ್ತು ಮೀಟರ್ ಇದೆ. ನಿಮ್ಮ ವಾಚ್ ಅದಕ್ಕಿಂತಲೂ ಜಾಸ್ತಿ ತೋರಿಸುತ್ತೆ, ಆಮೇಲೆ ಬೈಬೇಡಿ,” ಅಂದರು.

ಆ ಹತ್ತು ಮೀಟರ್ ಕೇಳಿ ಎಷ್ಟು ಖುಷಿಯಾಯಿತು ಅಂದರೆ, ಅಡುಗೆಮನೆಯಲ್ಲಿದ್ದ ಅತ್ತಿಗೆ ಏನಾಯಿತು ಅಂತ ಓಡಿ ಬಂದರು.

ಬಿಬ್‌ಗೆ, ಅಂದರೆ ಎದೆಗೆ ಸಿಕ್ಕಿಸುವ ನಂಬರ್ ಚೀಟಿಗೆ, ಸಮಯ ಹಿಡಿಯುವ ಚಿಪ್ ಇದೆ. ಶುರುವಿನಲ್ಲೂ ಮುಗಿಯುವಲ್ಲೂ ಆ ಚಿಪ್ ಗುರುತಿಸುವ ಮ್ಯಾಟ್ ನೆಲಕ್ಕೆ ಹಾಸಿರುತ್ತದೆ. ಹಾಗಾಗಿ ಹಿಂದೆ ನಿಂತು ಶುರು ಮಾಡುವ ನನ್ನಂಥವರಿಗೆ ಗೆರೆ ಮುಟ್ಟುವವರೆಗಿನ ಎರಡು ನಿಮಿಷ ಸೇರುವುದಿಲ್ಲ. ಯು ಟರ್ನ್‌ನಲ್ಲೂ ಒಂದು ಮ್ಯಾಟ್, ಅರ್ಧದಲ್ಲೇ ತಿರುಗಿ ಬಂದವರು ಗೊತ್ತಾಗಲಿ ಅಂತ. ನೀರು ಎರಡು ಕಿಲೋಮೀಟರಿಗೊಮ್ಮೆ. ದುಡ್ಡು ವಾಪಸ್ ಇಲ್ಲ, ಆದರೆ ಓಟವೇ ರದ್ದಾದರೆ ಮಾತ್ರ ಕೊಡುತ್ತಾರಂತೆ. ಅದನ್ನು ಬರಹದಲ್ಲಿ ಕೇಳಿದೆ. ಕಳಿಸಿದರು.

ಸೆಪ್ಟೆಂಬರ್, ಮೂರನೇ ವಾರ

ಫೋನಿನಲ್ಲಿ ಚೆನ್ನಾಗಿ ಮಾತಾಡುವುದು ಬೇರೆ, ನಡೆಸುವುದು ಬೇರೆ. ಇದೇ ತಂಡ ಅದೇ ದಾರಿಯಲ್ಲಿ ಮಳೆಗಾಲದ ಓಟವೊಂದನ್ನು ಇಟ್ಟಿತ್ತು. ಓಡುವುದಕ್ಕಲ್ಲ, ನೋಡುವುದಕ್ಕೆ ಹೋದೆ. ಹಿಂದಿನ ರಾತ್ರಿಯೇ ಯಶವಂತಪುರದ ಅಕ್ಕನ ಮನೆಯಲ್ಲಿ ಉಳಿದೆ. ತುಮಕೂರಿನಿಂದ ಎಪ್ಪತ್ತು ಕಿಲೋಮೀಟರ್. ಬೆಳಿಗ್ಗೆ ಆರಕ್ಕೆ ಶುರುವಾಗುವ ಓಟಕ್ಕೆ ಮನೆಯಿಂದ ಹೊರಟರೆ ನಿದ್ದೆಯೇ ಇರುವುದಿಲ್ಲ. ಚಳಿಗಾಲದಲ್ಲೂ ಹೀಗೇ ಮಾಡಬೇಕು.

ಗೆದ್ದವರನ್ನು ನೋಡಲಿಲ್ಲ. ಎಂಟನೇ ಕಿಲೋಮೀಟರಿನ ನೀರಿನ ಮೇಜಿನ ಹತ್ತಿರ ನಿಂತೆ. ಎಲ್ಲ ಓಟದ ಬಗ್ಗೆಯೂ ಚೆನ್ನಾಗಿತ್ತು ಅಂತ ಹೇಳುವವರು ಬೇಗ ಮುಗಿಸಿದವರೇ. ಅವರು ಹೋಗುವಾಗ ಎಲ್ಲ ಮೇಜಿನಲ್ಲೂ ನೀರಿರುತ್ತದೆ, ಎಲ್ಲ ತಿರುವಿನಲ್ಲೂ ಹುಡುಗರು ನಿಂತಿರುತ್ತಾರೆ. ನಾನು ಕೊನೆಯ ಗುಂಪಿನವಳು. ನನ್ನ ಓಟ ಹೇಗಿರುತ್ತದೆ ಅಂತ ಹೇಳಬೇಕಾದವರು ನನ್ನ ಜೊತೆ ಬರುವವರು.

ಒಂದೂವರೆ ಗಂಟೆ ಆದ ಮೇಲೆ ಜನ ತೆಳುವಾದರು. ಸಣ್ಣಗೆ ಹನಿ ಶುರುವಾಯಿತು. ಮೇಜಿನ ಹತ್ತಿರವಿದ್ದ ಕಾಲೇಜು ಹುಡುಗಿಯರು ಲೋಟಗಳನ್ನು ಮುಚ್ಚಿಟ್ಟರು, ಎದ್ದು ಹೋಗಲಿಲ್ಲ. ಎಲ್ಲರಿಗಿಂತ ಕೊನೆಗೆ ಅರವತ್ತರ ಮೇಲಿನ ಒಬ್ಬ ಅಮ್ಮ ಬಂದರು. ಸೀರೆಯನ್ನು ಎತ್ತಿ ಸಿಕ್ಕಿಸಿ, ಕೆಳಗೆ ಶೂ ಹಾಕಿದ್ದರು. ಓಡುತ್ತಿರಲಿಲ್ಲ, ಬಿರಬಿರನೆ ನಡೆಯುತ್ತಿದ್ದರು. ಅವರ ಹಿಂದೆ ಸೈಕಲ್‌ನಲ್ಲಿ ಒಬ್ಬ ಹುಡುಗ, ಅವನ ಹಿಂದೆ ಆಂಬುಲೆನ್ಸ್. ಹುಡುಗಿಯರು ಎರಡು ಲೋಟ ನೀರು, ಒಂದು ಕಿತ್ತಳೆ ಹೋಳು ಕೊಟ್ಟರು.

ನಾನೂ ಅವರ ಜೊತೆ ನಡೆದೆ. ಮೊಣಕಾಲು ಹೇಗಿದೆ ಅಮ್ಮ ಅಂದೆ. “ನೋವೇನೋ ಇದೆ ಕಣಮ್ಮ, ಆದ್ರೆ ಇಲ್ಲಿ ಯಾರೂ ಬೇಗ ಬೇಗ ಅನ್ನಲ್ಲ. ಇದು ಮೂರನೇ ಸಲ ಬರ್ತಿರೋದು,” ಅಂದರು. ಕೊನೆಯ ತಿರುವು ದಾಟಿದಾಗ ಕಮಾನಿನ ಮೇಲಿನ ಗಡಿಯಾರ ಇನ್ನೂ ಓಡುತ್ತಿತ್ತು. ಮ್ಯಾಟ್ ಹಾಸಿದ ಹಾಗೆಯೇ ಇತ್ತು. ನಾನು ಬದಿಗೆ ಸರಿದು ನಿಂತೆ. ಅವರು ಕಾಲಿಟ್ಟಾಗ ಮೆಷಿನ್ ಕೂಗಿತು.

ಅಲ್ಲೇ ಪಕ್ಕದ ಕಟ್ಟೆಯ ಮೇಲೆ ಕೂತು ಮೊಬೈಲ್ ತೆಗೆದೆ. ಡಿಸೆಂಬರ್ ಓಟ, ಹತ್ತು ಕಿಲೋಮೀಟರ್, ಮಹಿಳೆಯರು, ಟೀ ಶರ್ಟ್ ಬೇಡ. 900 ರೂಪಾಯಿ ಕಟ್ಟಿದೆ.