ಭೂಸ್ವಾಧೀನ ನೋಟಿಸ್ ಹುಡುಕುಪಟ್ಟಿ: ಕೆಲಸ ಎಲ್ಲಿಗೆ ಬಂತು

ಪೇಪರಿನ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರುವ ಭೂಸ್ವಾಧೀನ ನೋಟಿಸ್‌ಗಳನ್ನು ಕಂಪ್ಯೂಟರಿಗೆ ಹಾಕುತ್ತಿದ್ದೇನೆ. ಊರು, ಸರ್ವೆ ನಂಬರ್ ಕೊಟ್ಟರೆ ಸಿಗಬೇಕು, ಅಷ್ಟೇ.

ನೋಟಿಸ್ ಆನ್‌ಲೈನ್‌ಗೆ ಬರಬೇಕು ಅನ್ನೋದು ಕಾನೂನಿನಲ್ಲೇ ಇದೆ. 2013ರ ಭೂಸ್ವಾಧೀನ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಪ್ರಾಥಮಿಕ ಅಧಿಸೂಚನೆ ರಾಜ್ಯಪತ್ರದಲ್ಲಿ, ಎರಡು ದಿನಪತ್ರಿಕೆಗಳಲ್ಲಿ, ಪಂಚಾಯ್ತಿ ಮತ್ತು ತಾಲ್ಲೂಕು ಕಚೇರಿಯಲ್ಲಿ, ಜೊತೆಗೆ ಸರ್ಕಾರದ ವೆಬ್‌ಸೈಟಿನಲ್ಲೂ ಬರಬೇಕು. ಆಕ್ಷೇಪಣೆ ಸಲ್ಲಿಸಲು 60 ದಿನ ಕಾಲಾವಕಾಶ. ಆದರೆ ಸ್ಕ್ಯಾನ್ ಮಾಡಿದ ಚಿತ್ರವನ್ನು ಪಿಡಿಎಫ್ ಅಂತ ಏರಿಸಿಬಿಟ್ಟರೆ ರೈತ ಅದರಲ್ಲಿ ತನ್ನ ಜಮೀನನ್ನು ಹುಡುಕುವುದು ಹೇಗೆ? ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕಡತಗಳದ್ದೂ ಇದೇ ಪಾಡು. ಕಣ್ಣಿಗೆ ಕನ್ನಡ, ಕಾಪಿ ಮಾಡಿದರೆ ರೋಮನ್ ಅಕ್ಷರಗಳ ಕಲಸುಮೇಲೋಗರ.

ಓದಿಸಲು ಟೆಸೆರಾಕ್ಟ್ ಅನ್ನೋ, ಚಿತ್ರದಲ್ಲಿರುವ ಅಕ್ಷರ ಗುರುತಿಸುವ ತಂತ್ರಾಂಶ ಬಳಸುತ್ತಿದ್ದೇನೆ. ಮಾಮೂಲಿ ಸಾಲುಗಳನ್ನು ಚೆನ್ನಾಗಿಯೇ ಓದುತ್ತದೆ. ತೊಂದರೆ ಇರುವುದು ಅಂಕಿಗಳಲ್ಲಿ. ಅರ್ಕಾವತ್ತು ನೋಡಲು ಕನ್ನಡದ ೯ರ ಹಾಗೇ ಇದೆ, ಅಲ್ವಾ? 'ಸರ್ವೆ' ಅನ್ನೋದು 'ಸವೆ೯' ಆಗಿ ಬರುತ್ತದೆ, ಆ ೯ ಪಕ್ಕದ ನಂಬರಿಗೆ ಅಂಟಿಕೊಂಡರೆ ಜಮೀನೇ ಬೇರೆ. ಸೊನ್ನೆಗೂ ಅನುಸ್ವಾರಕ್ಕೂ ಇದೇ ಗೊಂದಲ. ಅದಕ್ಕೆ ಈಗ ಒಂದು ತಪಾಸಣೆ ಸೇರಿಸಿದ್ದೇನೆ: ಎಕರೆಗೆ 40 ಗುಂಟೆ, ಹಾಗಾಗಿ ಗುಂಟೆ ಕಾಲಂನಲ್ಲಿ 40 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಆ ಸಾಲು ಕೆಂಪಾಗುತ್ತದೆ. ಅದನ್ನು ಮೂಲದ ಪಕ್ಕದಲ್ಲಿಟ್ಟು ನಾನೇ ಓದುತ್ತೇನೆ. ಚಕ್ಕುಬಂದಿಯೂ (ಜಮೀನಿನ ನಾಲ್ಕು ದಿಕ್ಕಿನ ಗಡಿ ವಿವರ) ನೆರವಿಗೆ ಬರುತ್ತದೆ. ಪಕ್ಕದ ಸರ್ವೆ ನಂಬರ್ ಅಲ್ಲೇ ಇರುತ್ತದಲ್ಲ.

ಹೊಸಹಳ್ಳಿ ಅನ್ನೋ ಊರು ಎಷ್ಟು ತಾಲ್ಲೂಕಿನಲ್ಲಿಲ್ಲ! ಕೇಂದ್ರ ಸರ್ಕಾರದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯಲ್ಲಿ ಪ್ರತಿ ಹಳ್ಳಿಗೂ ಒಂದು ಕೋಡ್ ಇದೆ. ಈಗ ಹೋಬಳಿ, ತಾಲ್ಲೂಕು ನೋಡಿ ಆ ಕೋಡ್ ಜೋಡಿಸುತ್ತಿದ್ದೇನೆ.

ಖಾತೆದಾರರ ಹೆಸರಿನ ಕಾಲಂ ಬೇಕೆಂದೇ ಬಿಟ್ಟಿದ್ದೇನೆ. ಪೇಪರಿನಲ್ಲಿ ಒಂದು ದಿನ ಬಂದು ಹೋಗುವ ಹೆಸರನ್ನು ವರ್ಷಗಟ್ಟಲೆ ಯಾರು ಬೇಕಾದರೂ ಹುಡುಕುವಂತೆ ಇಡುವುದು ಸರಿಯಲ್ಲ. ಸರ್ವೆ ನಂಬರ್ ಪಹಣಿಯಲ್ಲಿ ಇದ್ದೇ ಇದೆ, ತಮ್ಮ ಜಮೀನು ಹುಡುಕಲು ಅಷ್ಟು ಸಾಕು. ಇನ್ನು ಪೇಪರ್ ನಿಲ್ಲಿಸಿ ಪೂರ್ತಿ ಆನ್‌ಲೈನ್ ಮಾಡಿ ಅಂತ ನಾನು ಹೇಳುವುದಿಲ್ಲ. ಪಂಚಾಯ್ತಿ ಬೋರ್ಡಿನ ಮೇಲಿನ ಹಾಳೆಯನ್ನೇ ನೋಡುವವರು ನಮ್ಮೂರಲ್ಲಿ ಇನ್ನೂ ಬಹಳ ಜನ ಇದ್ದಾರೆ.

ಮುಂದಿನ ಕೆಲಸ: ನೋಟಿಸ್ ಪ್ರಕಟವಾದ ತಾರೀಕಿನ ಪಕ್ಕದಲ್ಲೇ ಆಕ್ಷೇಪಣೆಗೆ ಕಡೇ ದಿನ ಯಾವುದು ಅಂತ ದಪ್ಪ ಅಕ್ಷರದಲ್ಲಿ ತೋರಿಸುವುದು.