ಅಜ್ಜಾರ ಕೈ ತಾಳಕ್ಕೆ ಕೂಡಿರಲಿಲ್ಲ

ಧಾರವಾಡದ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ ನಾನು ಫಿಸಿಯೋಥೆರಪಿಸ್ಟ್ ಆಗಿ ಸೇರಿ ಒಂಬತ್ತು ವರ್ಷಗಳಾದವು. ಮಧ್ಯಾಹ್ನ ಮೂರೂವರೆಯಿಂದ ನಾಲ್ಕೂಕಾಲಿನವರೆಗೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಇರುವವರಿಗಾಗಿ ನಡೆಯುವ ಹಾಡು ಮತ್ತು ಚಲನೆಯ ಅವಧಿ ನನ್ನ ಜವಾಬ್ದಾರಿ. ಕಳೆದ ಚಳಿಗಾಲದ ಒಂದು ಗುರುವಾರ ಆ ಅವಧಿಯಲ್ಲಿ ಎಂಬತ್ತೊಂದು ವರ್ಷದ ಹಿರಿಯರೊಬ್ಬರು ಇಪ್ಪತ್ತೈದು ನಿಮಿಷಗಳ ಕಾಲ ಒಂದೇ ಮಾತನ್ನು ಕೈಯಿಂದ ಹೇಳುತ್ತಲೇ ಇದ್ದರು, ನಾನು ಅದನ್ನು ಸಂತೋಷವೆಂದು ತಿಳಿದುಕೊಂಡೆ. ಆ ತಪ್ಪು ಈಗಲೂ ಚುಚ್ಚುತ್ತದೆ. ಇದೇ ಕೆಲಸದಲ್ಲಿರುವವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಅವರನ್ನು ನಾವೆಲ್ಲರೂ ಅಜ್ಜಾರ ಎಂದೇ ಕರೆಯುತ್ತೇವೆ. ನವಲಗುಂದ ಕಡೆಯ ಎರಿ ಹೊಲದ ರೈತರು, ಹತ್ತಿ ಮತ್ತು ಕಡಲೆ ಬೆಳೆದವರು, ಊರಿನ ಭಜನಾ ಸಂಘದಲ್ಲಿ ನಲವತ್ತು ವರ್ಷ ದಮ್ಮಡಿ ಎಂಬ ಚರ್ಮವಾದ್ಯ ಬಾರಿಸಿದವರು. ಅಲ್ಝೈಮರ್ ಕಾಯಿಲೆ ಏಳನೆಯ ವರ್ಷಕ್ಕೆ ಬಂದಿದೆ. ಅವರ ಮಾತು ‘ಹ್ಞೂಂ’ ಮತ್ತು ‘ಯವ್ವಾ’ ಎಂಬ ಎರಡಕ್ಕೆ ಬಂದು ನಿಂತು ಒಂದು ವರ್ಷವಾಗಿತ್ತು. ಆದರೆ ಭಜನೆಯ ದನಿ ಕಿವಿಗೆ ಬಿದ್ದರೆ ಸಾಕು, ಬಲಗೈ ತಾನಾಗಿ ತೊಡೆಯ ಮೇಲೆ ಬಂದು ಕೂರುತ್ತಿತ್ತು. ಹೆಬ್ಬೆರಳನ್ನು ತೊಡೆಗೆ ಊರಿ, ಉಳಿದ ನಾಲ್ಕು ಬೆರಳುಗಳನ್ನು ಸಡಿಲವಾಗಿ ಬಿಡಿಸಿಕೊಂಡು, ಕೆಹರವಾ ತಾಳದ ಎಂಟು ಮಾತ್ರೆಗಳಲ್ಲಿ ಒಂದೂ ಜಾರದಂತೆ ನುಡಿಸುತ್ತಿದ್ದರು. ಹಾಡುವವನು ಒಂದು ಸಾಲನ್ನು ಎಳೆದು ತಡಮಾಡಿದರೆ ಅವರ ಬೆರಳು ಗಾಳಿಯಲ್ಲಿ ನಿಂತು ಕಾಯುತ್ತಿತ್ತು, ಸಮ್, ಅಂದರೆ ತಾಳದ ಆವರ್ತದ ಮೊದಲ ಪೆಟ್ಟು, ಬಂದ ಮೇಲೆಯೇ ಕೆಳಗಿಳಿಯುತ್ತಿತ್ತು. ತನ್ನ ಮಗಳ ಹೆಸರು ಮರೆತ ಮನುಷ್ಯನಿಗೆ ಸಮ್ ಎಲ್ಲಿದೆಯೆಂಬುದು ಮರೆತಿರಲಿಲ್ಲ.

ಇದಕ್ಕೆ ಕಾರಣವನ್ನು ನಾನು ಹೊಸ ಸಿಬ್ಬಂದಿಗೆ ಪ್ರತಿ ಬಾರಿ ಹೇಳುತ್ತ ಬಂದವನು. ಜರ್ಮನಿಯ ಲೈಪ್‌ಝಿಗ್‌ನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಹುಕಾಲದಿಂದ ಬಲ್ಲ ಹಾಡನ್ನು ಕೇಳಿದಾಗ ಎಚ್ಚರಗೊಳ್ಳುವ ಮೆದುಳಿನ ಭಾಗಗಳನ್ನು ಅಲ್ಝೈಮರ್ ಉಳಿದ ಭಾಗಗಳಷ್ಟು ಹಾಳುಮಾಡಿರುವುದಿಲ್ಲ, ಮತ್ತು ಅವುಗಳಲ್ಲಿ ಒಂದು ಚಲನೆಯನ್ನು ಅಣಿಗೊಳಿಸುವ ಭಾಗವೇ ಆಗಿದೆ. ಹಾಡಿನ ನೆನಪು ಮತ್ತು ಕೈಯ ಚಲನೆ ಅಕ್ಕಪಕ್ಕದಲ್ಲೇ ಉಳಿದುಕೊಳ್ಳುತ್ತವೆ ಎಂಬ ಈ ಸಂಗತಿ ನನಗೆ ಎಷ್ಟು ಪ್ರಿಯವಾಗಿತ್ತೆಂದರೆ, ಹಾಡು ನುಡಿಯುತ್ತಿರುವಾಗ ಕೈ ಅಲುಗಿತೆಂದರೆ ಅದು ಹಾಡಿಗಾಗಿಯೇ ಅಲುಗಿತು ಎಂದು ನಂಬುವ ಅಭ್ಯಾಸ ನನ್ನಲ್ಲಿ ಬೆಳೆದುಬಿಟ್ಟಿತ್ತು.

ಆ ವಾರ ಅಜ್ಜಾರಿಗೆ ನೆಗಡಿಯಾಗಿತ್ತು. ಮಂಗಳವಾರದಿಂದ ನೆಗಡಿ ಗುಳಿಗೆ ನಡೆದಿತ್ತು. ಬುಧವಾರದ ಪಾಳಿ ಬದಲಾವಣೆಯ ಟಿಪ್ಪಣಿ, ಅಂದರೆ ಹ್ಯಾಂಡೊವರ್‌ನಲ್ಲಿ ‘ಡಲ್, ಊಟ ಕಡಿಮೆ’ ಎಂದಿತ್ತು, ಗುರುವಾರ ಬೆಳಗಿನದರಲ್ಲಿಯೂ ಅದೇ ಎರಡು ಪದಗಳಿದ್ದವು. ನಾಲ್ಕು ಗಂಟೆಗೆ ಆಡಳಿತ ಮಂಡಳಿಯವರು ದಾನಿಗಳನ್ನು ಕರೆದುಕೊಂಡು ಬರುವವರಿದ್ದರು. ಆಕ್ಟಿವಿಟಿ ಚೆನ್ನಾಗಿ ಕಾಣಬೇಕು, ಮನೆಯವರ ಗ್ರೂಪಿಗೆ ವಿಡಿಯೋ ಐದರೊಳಗೆ ಹೋಗಬೇಕು ಎಂದು ಸೂಪರ್‌ವೈಸರ್ ಎರಡು ಸಲ ಬಂದು ಹೇಳಿ ಹೋಗಿದ್ದರು.

ಏಳು ಜನರನ್ನು ಅರ್ಧವೃತ್ತದಲ್ಲಿ ಕೂರಿಸಿ ಸ್ಪೀಕರಿನಲ್ಲಿ ಭಜನೆ ಹಚ್ಚಿದೆ. ಮೂರು ಮುಕ್ಕಾಲರ ಹೊತ್ತಿಗೆ, ಎರಡು ದಿನಗಳಿಂದ ತಲೆ ತಗ್ಗಿಸಿಕೊಂಡೇ ಇದ್ದ ಅಜ್ಜಾರ ಬಲಗೈ ತೊಡೆಯ ಮೇಲೆ ಬಿತ್ತು, ಎದ್ದಿತು, ಮತ್ತೆ ಬಿತ್ತು. ನನಗಾದ ಹಿಗ್ಗನ್ನು ಮುಚ್ಚಿಡುವುದಿಲ್ಲ. ಅವರು ಮರಳಿ ಬಂದರು ಎಂದುಕೊಂಡೆ. ಸ್ಪೀಕರಿನ ದನಿ ಏರಿಸಿದೆ, ಎದುರಿಗೆ ನಿಂತು ನಲವತ್ತು ಸೆಕೆಂಡುಗಳ ವಿಡಿಯೋ ತೆಗೆದು ಗ್ರೂಪಿಗೆ ಕಳುಹಿಸಿದೆ. ಹೊಡೆತ ಜೋರಾಯಿತು. ಮುಂದಕ್ಕೂ ಹಿಂದಕ್ಕೂ ತೂಗತೊಡಗಿದರು, ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ಕುರ್ಚಿಯಿಂದ ಸ್ವಲ್ಪ ಮೇಲೇಳುವಂತೆ ಮಾಡಿದರು. ಕುಣಿತದ ಲಹರಿ ಬಂದಿದೆ ಎಂದು ನಾನು ಪಕ್ಕದ ಸಿಸ್ಟರ್‌ಗೆ ಹೇಳಿದ್ದು ನೆನಪಿದೆ.

ಕಣ್ಣೆದುರಿಗಿದ್ದೂ ನಾನು ನೋಡದೇ ಹೋದದ್ದನ್ನು ಆಮೇಲೆ ಅದೇ ವಿಡಿಯೋದಲ್ಲಿ ದನಿ ಮುಚ್ಚಿ ಹತ್ತಾರು ಸಲ ನೋಡಿದ್ದೇನೆ. ಬೆರಳುಗಳು ಬಿಡಿಸಿಕೊಂಡಿರಲಿಲ್ಲ, ಮುಷ್ಟಿ ಬಿಗಿದಿತ್ತು, ಹೆಬ್ಬೆರಳು ಮುಷ್ಟಿಯ ಒಳಗೆ ಸೇರಿಕೊಂಡಿತ್ತು. ಹುಬ್ಬುಗಳ ನಡುವೆ ಎರಡು ಗೆರೆಗಳು ಎದ್ದಿದ್ದವು. ಬಾಯಿ ತೆರೆದಿದ್ದು, ಉಸಿರು ಮೂರು ನಾಲ್ಕು ಬಾರಿ ಬೇಗಬೇಗ ಓಡಿ ಒಮ್ಮೆ ನಿಲ್ಲುತ್ತಿತ್ತು. ಎಡಗೈ ಹೊಟ್ಟೆಯ ಕೆಳಭಾಗದ ಧೋತರದ ಗಂಟನ್ನು ಹಿಡಿದುಕೊಂಡಿತ್ತು. ಇಷ್ಟೂ ಆ ನಲವತ್ತು ಸೆಕೆಂಡುಗಳಲ್ಲಿಯೇ ಇದೆ.

ನಾಲ್ಕಕ್ಕೆ ಎರಡು ನಿಮಿಷ ಇರುವಾಗ ನಾನು ಮಾಡಿದ್ದು ಎಲ್ಲಕ್ಕಿಂತ ದೊಡ್ಡ ತಪ್ಪು. ಬಂದವರ ಮುಂದೆ ಚಪ್ಪಾಳೆ ತಟ್ಟಿಸೋಣವೆಂದು ಅವರ ಎರಡೂ ಮಣಿಕಟ್ಟುಗಳನ್ನು ಮೇಲಿನಿಂದ ಹಿಡಿದೆ. ಹೊಟ್ಟೆಯ ಮೇಲಿನ ಕೈಯನ್ನು ನಾನು ಎಳೆದ ಕ್ಷಣಕ್ಕೆ ಅವರು ‘ಯವ್ವಾ’ ಎಂದು ಕೂಗಿ ಕೊಸರಿಕೊಂಡರು, ಉಗುರು ನನ್ನ ಮುಂಗೈಯನ್ನು ಗೀರಿತು. ದಾನಿಗಳು ಬಾಗಿಲಲ್ಲಿದ್ದರು. ಸೂಪರ್‌ವೈಸರ್ ಕಣ್ಣಲ್ಲೇ ಒಳಗೆ ಕರೆದೊಯ್ಯಲು ಹೇಳಿದರು. ನಾನು ವ್ಹೀಲ್‌ಚೇರ್ ತಿರುಗಿಸಿ ವಾರ್ಡಿಗೆ ತಂದು, ರಿಜಿಸ್ಟರಿನಲ್ಲಿ ‘ಅಜಿಟೇಟೆಡ್ (ಚಡಪಡಿಕೆ), ಸಿಬ್ಬಂದಿಗೆ ಹೊಡೆದರು’ ಎಂದು ಬರೆದೆ. ಸಿಸ್ಟರ್ ಡಾಕ್ಟರರಿಗೆ ಫೋನ್ ಹಚ್ಚಿದರು. ನಾವು ಹೇಳಿದ್ದನ್ನಷ್ಟೇ ಕೇಳಿದ ಡಾಕ್ಟರರು ಎಸ್‌ಒಎಸ್ ಗುಳಿಗೆ ಕೊಡಿ, ಸಂಜೆ ಬರುತ್ತೇನೆ ಎಂದರು, ಅಂದರೆ ಅಗತ್ಯ ಬಿದ್ದಾಗ ಮಾತ್ರ ಕೊಡುವ, ಶಾಂತಗೊಳಿಸುವ ಗುಳಿಗೆ. ಡಿಮೆನ್ಷಿಯಾ ಇರುವ ವೃದ್ಧರಲ್ಲಿ ಅಟಿಪಿಕಲ್ ಆಂಟಿಸೈಕೋಟಿಕ್ ಎಂಬ ಆ ವರ್ಗದ (ತೀವ್ರ ಮನೋರೋಗಕ್ಕೆ ಕೊಡುವ) ಗುಳಿಗೆಗಳು ಸಾವಿನ ಅಪಾಯವನ್ನು ಹೆಚ್ಚಿಸುತ್ತವೆಯೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಷ್ಟು ಹಿಂದೆಯೇ ಎಚ್ಚರಿಸಿದೆ. ಅದು ಗೊತ್ತಿದ್ದೂ ನಾನು ಬಾಯಿ ತೆರೆಯಲಿಲ್ಲ.

ಸಿಸ್ಟರ್ ಗುಳಿಗೆ ಪುಡಿ ಮಾಡುತ್ತಿರುವಾಗ ನನ್ನ ಫೋನ್ ರಿಂಗಾಯಿತು. ರಾಣೇಬೆನ್ನೂರಿನಲ್ಲಿರುವ ಅಜ್ಜಾರ ಮಗಳು. ಚಿಕ್ಕವರಿದ್ದಾಗ ಗುಡಿಯಲ್ಲಿ ಅಪ್ಪನ ತೊಡೆಗೆ ತಲೆ ಕೊಟ್ಟು ಮಲಗಿ ರಾತ್ರಿಯಿಡೀ ಭಜನೆ ಕೇಳಿ ಬೆಳೆದವರು.

“ಸರ, ವಿಡಿಯೋ ನೋಡಿದ್ನಿರಿ. ಅಪ್ಪಾರ ಕೈ ತಾಳಕ್ಕ ಕೂಡವಲ್ದಲ್ರಿ. ಅವರು ತಾಳ ತಪ್ಪಾವರಲ್ಲ. ಏನೋ ಆಗೇತಿ, ಒಂಚೂರು ನೋಡ್ರಿ.”

ನಾನು ಫೋನ್ ಹಿಡಿದು ನಿಂತಲ್ಲಿಯೇ ನಿಂತೆ. ಸ್ಪೀಕರಿನಲ್ಲಿ ಕೆಹರವಾ ನಡೆದಿತ್ತು, ಅಜ್ಜಾರ ಮುಷ್ಟಿ ಬೇರೆಯದೇ ಓಟದಲ್ಲಿ ಬೀಳುತ್ತಿತ್ತು. ಉಸಿರು ಕಟ್ಟಿದಾಗ ನಿಲ್ಲುತ್ತಿತ್ತು, ಉಸಿರು ಬಿಟ್ಟಾಗ ಬೀಳುತ್ತಿತ್ತು. ಧಾರವಾಡದಲ್ಲಿ ಹುಟ್ಟಿ ಬೆಳೆದು ಇಷ್ಟು ಸಂಗೀತ ಕೇಳಿದ ನನ್ನ ಕಿವಿಗೆ ಅದು ಕೇಳಿಸಿರಲಿಲ್ಲ. ನನಗೆ ಬೇಕಾದದ್ದನ್ನೇ ನಾನು ಕೇಳಿಸಿಕೊಂಡಿದ್ದೆ.

ಅಷ್ಟರಲ್ಲಿ ಡ್ಯೂಟಿಯಲ್ಲಿದ್ದ ಆಯಾ ಅಕ್ಕ ಬಂದು, “ಸರ, ಮುಂಜಾನಿಂದ ಅಜ್ಜಾರ ಡೈಪರ್ ಒಣದ ಐತ್ರಿ. ಎರಡು ಸಲ ಬಿಚ್ಚಿ ನೋಡೀನಿ” ಎಂದರು. ಸಿಸ್ಟರ್ ಗುಳಿಗೆಯ ಬಟ್ಟಲನ್ನು ಕೆಳಗಿಟ್ಟರು. ಅಜ್ಜಾರನ್ನು ಮಲಗಿಸಿ, ಮುಖ ನೋಡುತ್ತ, “ನೂಸಾಕತ್ತೈತೇನ್ರಿ ಅಜ್ಜಾರ?” ಎಂದು ಹೊಕ್ಕುಳ ಕೆಳಗೆ ಅಂಗೈ ಇಟ್ಟರು. ಅಲ್ಲಿ ತೆಂಗಿನಕಾಯಿಯಂತೆ ಬಿಗಿಯಾದ ಉಬ್ಬು ಇತ್ತು. ಡಾಕ್ಟರರಿಗೆ ಎರಡನೆಯ ಫೋನ್ ಹೋಯಿತು. ಈ ಸಲ ನಾವು ಹೇಳಿದ್ದು ಬೇರೆಯಾಗಿದ್ದರಿಂದ ಅವರು ಮಾಡಿದ್ದೂ ಬೇರೆಯಾಯಿತು. ಕಾಲು ಗಂಟೆಯಲ್ಲಿ ಬಂದು ಮೂತ್ರ ಹೊರತೆಗೆಯುವ ಕೊಳವೆ, ಕ್ಯಾಥೆಟರ್ ಹಾಕಿದರು. ಚೀಲಕ್ಕೆ ಇಳಿದ ಮೂತ್ರ 900 ಮಿಲಿಲೀಟರಿಗೂ ಹೆಚ್ಚು. ನಾನೂರು, ಐನೂರು ಮಿಲಿಲೀಟರ್ ತುಂಬಿದರೆ ಸಾಮಾನ್ಯರು ಎದ್ದು ಓಡುತ್ತಾರೆ. ವಯಸ್ಸಿಗೆ ಮೂತ್ರನಾಳವನ್ನು ಸುತ್ತಿರುವ ಪ್ರಾಸ್ಟೇಟ್ ಗ್ರಂಥಿ ಹಿಗ್ಗಿತ್ತು, ಅದರ ಮೇಲೆ ಕ್ಲೋರ್‌ಫೆನಿರಮೈನ್ ಇದ್ದ ನೆಗಡಿ ಗುಳಿಗೆ ಮೂತ್ರಕೋಶದ ಹಿಂಡುವ ಶಕ್ತಿಯನ್ನು ಕುಗ್ಗಿಸಿತ್ತು. ಚೀಲ ತುಂಬುತ್ತ ಹೋದಂತೆ ಬಲಗೈಯ ಮುಷ್ಟಿ ಬಿಚ್ಚಿತು, ಹೆಬ್ಬೆರಳು ಹೊರಗೆ ಬಂತು, ಅಜ್ಜಾರ ನಿದ್ದೆ ಹೋದರು. ಡಾಕ್ಟರರು ಮೊದಲು ಹೇಳಿದ್ದ ಗುಳಿಗೆ ಕೊಟ್ಟಿದ್ದರೂ ನಿದ್ದೆ ಹೋಗುತ್ತಿದ್ದರು, ಉಬ್ಬು ಹಾಗೆಯೇ ಉಳಿಯುತ್ತಿತ್ತು. ಅದನ್ನು ನೆನೆದರೆ ಇಂದಿಗೂ ಮೈ ತಣ್ಣಗಾಗುತ್ತದೆ.

ನೋವನ್ನು ಬಾಯಿಂದ ಹೇಳಲಾರದ ಡಿಮೆನ್ಷಿಯಾ ರೋಗಿಗಳಿಗಾಗಿ 2003ರಲ್ಲಿ ಬಂದ ಪೇನ್ಯಾಡ್ ಅಳತೆಪಟ್ಟಿ ನಮ್ಮಲ್ಲಿಯೂ ಇದೆ. ಉಸಿರಾಟ, ನರಳುವಿಕೆ, ಮುಖಭಾವ, ದೇಹದ ಭಾಷೆ, ಸಮಾಧಾನಪಡಿಸಿದರೆ ಸುಮ್ಮನಾಗುತ್ತಾರೆಯೇ ಎಂಬ ಐದು ಅಂಶಗಳಿಗೆ ಸೊನ್ನೆಯಿಂದ ಎರಡರವರೆಗೆ ಅಂಕ, ಒಟ್ಟು ಹತ್ತು. ತುಂಬಲು ಐದು ನಿಮಿಷ ಸಾಕು. ನಮ್ಮಲ್ಲಿ ಅದನ್ನು ಆಪರೇಷನ್ ಆಗಿ ಬಂದವರ ಫೈಲಿನಲ್ಲಿ ಮಾತ್ರ ಇಡುತ್ತಿದ್ದರು. ವಿಡಿಯೋ ನೋಡಿ ಆ ರಾತ್ರಿ ನಾನೇ ಅಂಕ ಹಾಕಿದೆ, ಎಂಟು ಬಂತು. ಸಂಗೀತದ ವಿಷಯದಲ್ಲಿಯೂ ನಾನು ಅರ್ಧ ಓದಿ ಅರ್ಧ ಬಿಟ್ಟವನು. ಡಿಮೆನ್ಷಿಯಾದಲ್ಲಿ ಸಂಗೀತದ ಉಪಯೋಗದ ಬಗ್ಗೆ 2018ರಲ್ಲಿ ಬಂದ ಕಾಕ್ರೇನ್ ಪರಾಮರ್ಶೆಯು, ಅಂದರೆ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ವರದಿಯು, ಖಿನ್ನತೆಯ ಲಕ್ಷಣಗಳು ಮತ್ತು ಒಟ್ಟಾರೆ ವರ್ತನೆಯ ತೊಂದರೆಗಳು ಬಹುಶಃ ಕಡಿಮೆಯಾಗುತ್ತವೆ ಎಂದಿತ್ತು. ಅದೇ ಪರಾಮರ್ಶೆಯು ಚಡಪಡಿಕೆ ಮತ್ತು ಆಕ್ರಮಣಶೀಲತೆಯ ಮೇಲೆ ಸಂಗೀತದ ಪರಿಣಾಮ ಅಷ್ಟಾಗಿ ಕಾಣಲಿಲ್ಲ ಎಂದದ್ದನ್ನು ನಾನು ತರಬೇತಿಯಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಚಡಪಡಿಸುವ ಮನುಷ್ಯನಿಗೆ ಮೊದಲು ಏನಾಗಿದೆಯೆಂದು ನೋಡಬೇಕು, ಹಾಡು ಆಮೇಲೆ.

ಅದೇ ಅರ್ಧವೃತ್ತದಲ್ಲಿ ಅಜ್ಜಾರ ಎರಡು ಕುರ್ಚಿಯಾಚೆಗೆ ಗದಗ ಕಡೆಯ ಒಬ್ಬ ಅಜ್ಜಿ ಕೂರುತ್ತಾರೆ. ಅವರ ಎರಡೂ ಕೈಗಳು ಮಡಿಲಲ್ಲಿ ಗುಂಡಗೆ ತಿರುಗುತ್ತಲೇ ಇರುತ್ತವೆ. ಅವರ ಹಾಳೆಯಲ್ಲಿಯೂ ಹಿಂದೆ ಯಾರೋ ‘ಅಜಿಟೇಷನ್’ ಎಂದು ಬರೆದಿದ್ದರು. ಅದು ಬೀಸುಕಲ್ಲು ಬೀಸುವುದು ಎಂದು ಗುರುತಿಸಿದವರು ಇದೇ ಆಯಾ ಅಕ್ಕ. ಗೂಟ ಹಿಡಿದ ಹಾಗೆ ಬೆರಳು ಮಡಿಸಿರುತ್ತಾರೆ, ಬಲಗೈ ಸೋತಾಗ ಎಡಗೈಗೆ ಬದಲಿಸುತ್ತಾರೆ, ನಡುನಡುವೆ ಕಲ್ಲಿನ ಬಾಯಿಗೆ ಜೋಳ ಹಾಕಿದಂತೆ ಒಂದು ಕೈ ಮೇಲೆ ಹೋಗಿ ಬರುತ್ತದೆ. ಹಣೆ ನುಣ್ಣಗಿರುತ್ತದೆ, ಸುತ್ತಿನ ವೇಗ ಬದಲಾಗುವುದಿಲ್ಲ, ಗಂಟಲಲ್ಲಿ ಶಬ್ದವಿಲ್ಲದ ಒಂದು ಬೀಸುವ ಪದದ ಧಾಟಿ ಇರುತ್ತದೆ. ಕೆಲಸದ ಚಲನೆಗೂ ನೋವಿನ ಚಲನೆಗೂ ಇರುವ ಅಂತರವನ್ನು ಕಲಿಯಲು ನನಗೆ ಇನ್ನೊಂದು ಪುಸ್ತಕ ಬೇಕಿರಲಿಲ್ಲ, ಎರಡು ಕುರ್ಚಿ ಆಚೆ ನೋಡಿದ್ದರೆ ಸಾಕಿತ್ತು.

ಆಡಳಿತದವರಿಗೆ ನಾನು ಬರವಣಿಗೆಯಲ್ಲಿ ಹೇಳಿದ್ದು ಒಂದೇ ಮಾತು. ಡೈಪರ್ ರಿಜಿಸ್ಟರ್ ಆಯಾಗಳ ಕೋಣೆಯಲ್ಲಿ, ಔಷಧಿಯದ್ದು ಸಿಸ್ಟರ್ ಟೇಬಲ್ಲಿನಲ್ಲಿ, ಆಕ್ಟಿವಿಟಿಯದ್ದು ನನ್ನ ಕಪಾಟಿನಲ್ಲಿ ಇದ್ದರೆ, ಒಬ್ಬ ಮನುಷ್ಯನ ಒಂದು ದಿನ ಮೂರು ಕಡೆ ಹರಿದು ಹಂಚಿಹೋಗುತ್ತದೆ. ಒಣಗಿದ ಡೈಪರ್, ನೆಗಡಿ ಗುಳಿಗೆ ಮತ್ತು ಬಿಗಿದ ಮುಷ್ಟಿ ಒಂದೇ ಪುಟದಲ್ಲಿದ್ದಿದ್ದರೆ ಯಾರ ಕಣ್ಣಿಗಾದರೂ ಬೀಳುತ್ತಿತ್ತು. ನನ್ನ ರಿಜಿಸ್ಟರಿನಲ್ಲಿ ‘ಭಾಗವಹಿಸಿದರು’, ‘ಭಾಗವಹಿಸಲಿಲ್ಲ’ ಎಂಬ ಎರಡೇ ಅಂಕಣಗಳಿವೆ, ಆ ಗುರುವಾರ ಅಜ್ಜಾರ ಹೆಸರಿನ ಮುಂದೆ ಮೊದಲನೆಯದರಲ್ಲಿ ಟಿಕ್ ಇದೆ. ಹೊಸ ನಮೂನೆ ಮುಂದಿನ ವರ್ಷ ನೋಡೋಣವೆಂದಿದ್ದಾರೆ. ಅಲ್ಲಿಯವರೆಗೆ ಮುಖ, ಕೈ, ಉಸಿರು ಎಂದು ನಾನೇ ಅಂಚಿನಲ್ಲಿ ಬರೆಯುತ್ತಿದ್ದೇನೆ.

ಈಗ ಹಾಡು ಹಚ್ಚುವ ಮೊದಲು ಐದು ನಿಮಿಷ ಮೌನವಾಗಿ ಪ್ರತಿಯೊಬ್ಬರ ಎದುರು ಅವರ ಕಣ್ಣಿಗಿಂತ ತಗ್ಗಿನಲ್ಲಿ ಕೂರುತ್ತೇನೆ. ಆಯಾ ಅಕ್ಕನನ್ನು ಮೊದಲು ಮಾತಾಡಿಸುತ್ತೇನೆ. ಯಾರ ಕೈಯನ್ನೂ ಮೇಲಿನಿಂದ ಹಿಡಿಯುವುದಿಲ್ಲ, ನನ್ನ ಅಂಗೈಯನ್ನು ಅವರ ಅಂಗೈಯ ಕೆಳಗೆ ಒಡ್ಡುತ್ತೇನೆ, ಅವರು ಬೇಕಾದರೆ ಊರಿಕೊಳ್ಳುತ್ತಾರೆ, ಬೇಡವಾದರೆ ತೆಗೆಯುತ್ತಾರೆ. ಸ್ಪೀಕರ್ ಬಹುಮಟ್ಟಿಗೆ ಮುಚ್ಚಿಯೇ ಇರುತ್ತದೆ. ಸ್ಪೀಕರ್ ಯಾರಿಗಾಗಿಯೂ ಕಾಯುವುದಿಲ್ಲ, ಆಯಾ ಅಕ್ಕ ಹಾಡಿದರೆ ಅಜ್ಜಿಯ ಬೀಸುವ ಸುತ್ತು ಮುಗಿಯುವ ತನಕ ಸಾಲನ್ನು ಎಳೆದು ಹಿಡಿಯುತ್ತಾರೆ.

ಅಜ್ಜಾರಿಗೆ ಕ್ಯಾಥೆಟರ್ ತೆಗೆದು ಪ್ರಾಸ್ಟೇಟಿನ ಗುಳಿಗೆ ಶುರುವಾಗಿ ಮೂರು ವಾರಗಳಾದ ಮೇಲೆ ಒಂದು ಭಾನುವಾರ ಮಗಳು ಬಂದರು. ಹಳೆಯ ದಮ್ಮಡಿಯನ್ನು ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ತಂದಿದ್ದರು. ಅಜ್ಜಾರ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಹೆಬ್ಬೆರಳಿನಿಂದ ಚರ್ಮವನ್ನು ಒತ್ತಿ ನೋಡಿದರು, ಬಾರಿಸಲಿಲ್ಲ, ಎರಡೂ ಕೈಗಳಿಂದ ನನ್ನ ಕಡೆಗೆ ಚಾಚಿದರು. ಬೇಡವೆನ್ನುತ್ತಿದ್ದಾರೆ ಎಂದು ನಾನು ತೆಗೆದುಕೊಳ್ಳಹೋದೆ. ಅವರು ಬಿಡಲಿಲ್ಲ, ಮತ್ತೊಮ್ಮೆ ಹೆಬ್ಬೆರಳಿನಿಂದ ಒತ್ತಿ ಮತ್ತೊಮ್ಮೆ ಚಾಚಿದರು. ಮಗಳು, “ಚರ್ಮ ಸಡಿಲ ಆಗೇತ್ರಿ ಸರ, ಕಾಸಿಕೊಂಡ ಬಾ ಅಂತಾರ” ಎಂದರು. ಅಡುಗೆಮನೆಗೆ ಹೋಗಿ ಒಲೆಯ ಉರಿಯಿಂದ ಗೇಣುದ್ದ ಮೇಲೆ ಹಿಡಿದು ತಿರುಗಿಸುತ್ತ ಕಾಯಿಸಿ ತಂದೆ. ಅಜ್ಜಾರ ಬಿಡಿಸಿದ ಬೆರಳಿನಿಂದ ಒಂದೇ ಒಂದು ಪೆಟ್ಟು ಹಾಕಿ, ಕಿವಿಗೊಟ್ಟು ಕೇಳಿ, ಅದನ್ನು ಮತ್ತೆ ನನ್ನ ಕೈಗೆ ಕೊಟ್ಟರು. ಇನ್ನೂ ಕಾದಿರಲಿಲ್ಲ. ನಾನು ಮತ್ತೆ ಅಡುಗೆಮನೆಗೆ ಹೋದೆ.