ನಿನ್ನ ಜೊತೆ ಅಳಲು ಬಿಡು, ತಾಯಿ

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಶುಕ್ರವಾರ ಬಂತೆಂದರೆ ನಮ್ಮ ಚರ್ಚಿನಲ್ಲಿ ಶಿಲುಬೆಯ ಹಾದಿ, ಯೇಸುವಿನ ಕೊನೆಯ ಪಯಣವನ್ನು ನೆನೆಯುವ ಪ್ರಾರ್ಥನೆ. ಗೋಡೆಯ ಮೇಲೆ ಅದರ ಚಿತ್ರಗಳಿರುವ 14 ಸ್ಥಳ. ಒಂದೊಂದು ಸ್ಥಳದಲ್ಲೂ ಮೊಣಕಾಲೂರಿ, ಎದ್ದು, ಮುಂದಿನದಕ್ಕೆ ಹೋಗುವಾಗ ಒಂದು ಚರಣ ಹಾಡುತ್ತೇವೆ. ಆ ಹಾಡಿಗೆ ಏಳುನೂರು ವರ್ಷಕ್ಕೂ ಜಾಸ್ತಿ ವಯಸ್ಸು. ಮೂಲ ಲ್ಯಾಟಿನ್‌ನಲ್ಲಿ ಅದು 'ಸ್ತಾಬಾತ್ ಮಾತೆರ್', ಅಂದರೆ 'ತಾಯಿ ನಿಂತಿದ್ದಳು'. ಇಟಲಿಯ ಫ್ರಾನ್ಸಿಸ್ಕನ್ ಸನ್ಯಾಸಿ ಯಾಕೋಪೋನೆ ದಾ ತೋದಿ ಬರೆದರು ಅಂತ ಕೆಲವರು, ಪೋಪ್ ಮೂರನೆಯ ಇನೊಸೆಂಟ್ ಅಂತ ಕೆಲವರು. ಯಾರೇ ಬರೆದಿರಲಿ, ಅವರು ಯೇಸುವಿನ ತಾಯಿ, ಮಾತೆ ಮರಿಯಳ ಪಕ್ಕದಲ್ಲೇ ನಿಂತು ಬರೆದಿದ್ದಾರೆ.

ಬೈಬಲ್‌ನಲ್ಲಿ ಸಂತ ಯೊವಾನ್ನರ ಶುಭಸಂದೇಶ ಹೇಳುವುದು ಇಷ್ಟೇ: ಯೇಸುವಿನ ಶಿಲುಬೆಯ ಬಳಿ ತಾಯಿ ನಿಂತಿದ್ದಳು. ಅತ್ತಳು ಅಂತ ಕೂಡ ಬರೆದಿಲ್ಲ. ಕೂಸು ಯೇಸುವನ್ನು ದೇವಾಲಯಕ್ಕೆ ತಂದ ದಿನ ಮುದುಕ ಸಿಮೆಯೋನ ತಾಯಿಗೆ ಹೇಳಿದ, ನಿನ್ನ ಹೃದಯವನ್ನೂ ಕತ್ತಿ ಇರಿಯುವುದು ಎಂಬ ಮಾತನ್ನು ಇದರ ಜೊತೆ ಸೇರಿಸಿ, ಕವಿ 20 ಚರಣ ಕಟ್ಟಿದ್ದಾರೆ. ಮೊದಲ ಎಂಟರಲ್ಲಿ ತಾಯಿಯನ್ನು ದೂರದಿಂದ ನೋಡುತ್ತೇವೆ. ಒಂಬತ್ತನೆಯದರಲ್ಲಿ ಅವಳ ಕಡೆಗೇ ತಿರುಗಿ ಬೇಡುತ್ತೇವೆ: ನಿನ್ನ ನೋವು ನನಗೂ ತಟ್ಟಲಿ, ನಿನ್ನ ಜೊತೆ ನಾನೂ ಅಳುವಂತೆ ಮಾಡು.

ಇಂಥ ಬೇಡಿಕೆ ನಾವು ಎಷ್ಟು ಸಲ ಇಟ್ಟಿದ್ದೇವೆ? ಜ್ವರ ಬಿಡಲಿ, ಮಗಳಿಗೆ ಗಂಡು ಸಿಗಲಿ, ಸಾಲ ತೀರಲಿ. ಕೇಳಲೇಬೇಕು, ತಾಯಿಯನ್ನಲ್ಲದೆ ಇನ್ಯಾರನ್ನು ಕೇಳೋಣ? ಈ ಹಾಡೂ ಕೊನೆಯಲ್ಲಿ ಸ್ವರ್ಗ ಕೇಳುತ್ತದೆ. ಆದರೆ ಮೊದಲು ಕೇಳುವುದು ದುಃಖದಲ್ಲಿ ಪಾಲು.

ನಮ್ಮಜ್ಜಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. 1960ರ ದಶಕದಲ್ಲಿ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಪೂಜೆ ಲ್ಯಾಟಿನ್‌ನಿಂದ ಕನ್ನಡಕ್ಕೆ ಬಂದಾಗ ಕನ್ನಡದ ಚರಣಗಳನ್ನು ಬೇಗ ಕಲಿತಳಂತೆ. ಹದಿಮೂರನೆಯ ಸ್ಥಳದಲ್ಲಿ ಮಾತ್ರ ಅವಳ ಬಾಯಿಗೆ ಲ್ಯಾಟಿನ್ನೇ ಬರುತ್ತಿತ್ತು. 'ಸಾಂಕ್ತಾ ಮಾತೆರ್' (ಪವಿತ್ರ ತಾಯಿ) ಅಂತ ಎಲ್ಲರಿಗಿಂತ ಮೊದಲೇ ಎತ್ತಿಬಿಡುತ್ತಿದ್ದಳು, ಅದೂ ಏರು ದನಿಯಲ್ಲಿ. ದನಿ ಒಡೆಯುತ್ತಿತ್ತು. ಪ್ರಾರ್ಥನೆ ನಡೆಸುವ ಉಪದೇಶಿಯೂ ಪುಸ್ತಕ ಮುಚ್ಚಿ ಕಾಯುತ್ತಿದ್ದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ, ಕಣ್ಣು ಮುಚ್ಚದೆ, ಗೋಡೆಯ ಚಿತ್ರವನ್ನೇ ನೋಡುತ್ತಾ ಹಾಡುತ್ತಿದ್ದಳು. ಯೇಸುವಿನ ದೇಹವನ್ನು ಶಿಲುಬೆಯಿಂದ ಇಳಿಸಿ ತಾಯಿಯ ಮಡಿಲಲ್ಲಿ ಮಲಗಿಸುವ ಸ್ಥಳ ಅದು.

ಅಜ್ಜಿಯ ಹಿರಿ ಮಗ, ನನ್ನ ದೊಡ್ಡಪ್ಪ, ಚಿಕ್ಕಂದಿನಲ್ಲೇ ಜ್ವರ ಬಂದು ತೀರಿಕೊಂಡಿದ್ದ. ಆ ದಿನ ಸಮಾಧಾನ ಹೇಳಿದವರು ಬಹಳ ಮಂದಿ ಇದ್ದರಂತೆ, ಅವರು ಯಾರೂ ಅಜ್ಜಿಗೆ ನೆನಪಿರಲಿಲ್ಲ. ಪಕ್ಕದಲ್ಲಿ ಕೂತು ಅತ್ತ ಹೆಂಗಸರ ಹೆಸರನ್ನು ಮಾತ್ರ ಕೊನೆಯವರೆಗೂ ಹೇಳುತ್ತಿದ್ದಳು. ಮೊನ್ನೆ ಹದಿಮೂರನೆಯ ಸ್ಥಳದಲ್ಲಿ ಮೊಣಕಾಲೂರಿದಾಗ ನನಗೆ ಹೊಳೆಯಿತು, ಅಜ್ಜಿ ಅಷ್ಟು ವರ್ಷ ಆ ಋಣ ತೀರಿಸುತ್ತಿದ್ದಳು. ತನ್ನ ಪಕ್ಕ ಯಾರೋ ಕೂತ ಹಾಗೆ, ಇವಳು ಹೋಗಿ ಮಾತೆಯ ಪಕ್ಕ ಕೂರುತ್ತಿದ್ದಳು. ಆ ಹಾಡನ್ನು ನನ್ನ ಕಿವಿಗೆ ಹಾಕಿದ್ದಕ್ಕೆ ಅವಳಿಗೆ ಎಷ್ಟು ವಂದನೆ ಹೇಳಿದರೂ ಸಾಲದು.

ಈಗ ಹೊತ್ತಾಯಿತು ಅಂತ ಎಷ್ಟೋ ಕಡೆ ಚರಣಗಳನ್ನೇ ಬಿಟ್ಟುಬಿಡುತ್ತಾರೆ. ಕೀಬೋರ್ಡ್ ಎರಡು ಸಾಲು ನುಡಿಸುತ್ತದೆ, ಜನ ಸುಮ್ನೆ ನಿಲ್ಲುತ್ತಾರೆ. ಬೇಜಾರಾಗುತ್ತದೆ. ಹಿಂದೊಮ್ಮೆ, ಹದಿನಾರನೆಯ ಶತಮಾನದ ಟ್ರೆಂಟ್ ಮಹಾಸಭೆಯ ನಂತರ, ಪೂಜೆಯ ಪುಸ್ತಕದಿಂದಲೇ ಇದನ್ನು ತೆಗೆದಿದ್ದರು. 1727ರಲ್ಲಿ ಪೋಪ್ ಹದಿಮೂರನೆಯ ಬೆನೆಡಿಕ್ಟ್ ಮತ್ತೆ ಸೇರಿಸಿದರು. ಇವತ್ತಿಗೂ ಸೆಪ್ಟೆಂಬರ್ 15ರ ವ್ಯಾಕುಲ ಮಾತೆಯ ಹಬ್ಬದಂದು ಪೂಜೆಯಲ್ಲಿ ಶುಭಸಂದೇಶ ಓದುವ ಮುಂಚೆ ಇದನ್ನು ಹಾಡಬಹುದು.

ಆ ದಿನ ಇಪ್ಪತ್ತೂ ಚರಣ ಹಾಡೋಣವೇ ಅಂತ ನಮ್ಮ ಗುರುಗಳನ್ನು ಕೇಳಿದೆ. ಒಪ್ಪಿದ್ದಾರೆ. ಹೆಂಗಸರು ಆಗಲೇ ಅಭ್ಯಾಸಕ್ಕೆ ಬರುತ್ತಿದ್ದಾರೆ. ಗಂಡಸರ ದನಿ ಕಡಿಮೆ ಇದೆ, ದಯವಿಟ್ಟು ಬನ್ನಿ.